ತರಗತಿಯಲ್ಲಿ ಮೊಬೈಲ್ ಬಳಸಿ ಪಾಠ ಮಾಡುವುದು ಹೇಗೆ: ಫೋನ್ ಒಳಗಿಡುವುದರಿಂದ ಶುರು ಮಾಡಿ

ನಾನು ಮೊದಲ ಸಲ ಮೊಬೈಲ್ ಇಟ್ಟುಕೊಂಡು ಪಾಠ ಮಾಡಿದ ದಿನ 40 ನಿಮಿಷದ ಪೀರಿಯಡ್‌ನಲ್ಲಿ 26 ನಿಮಿಷ ಆ್ಯಪ್ ಇಳಿಸಿಕೊಳ್ಳುವುದಕ್ಕೇ ಹೋಯಿತು. "ಸರ್, ಪಾಸ್‌ವರ್ಡ್ ಕೇಳ್ತಿದೆ." "ಸರ್, ಜಾಗ ಇಲ್ಲ ಅಂತಿದೆ." "ಸರ್, ಇದು ಅಪ್ಪನ ಫೋನು, ಲಾಕ್ ಗೊತ್ತಿಲ್ಲ." ಉಳಿದ 14 ನಿಮಿಷದಲ್ಲಿ ಪಾಠ ಶುರುವಾಯಿತು, ಆದರೆ ಮುಗಿಯಲಿಲ್ಲ. ಬೆಲ್ ಹೊಡೆದ ಮೇಲೂ ಹಿಂದಿನ ಬೆಂಚಿನವರು ಫೋನ್ ಒಳಗಿಡಲಿಲ್ಲ. ಮುಂದಿನ ಪೀರಿಯಡ್‌ನ ಟೀಚರ್ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದರು.

ಆಮೇಲೆ ಎಷ್ಟೋ ಶಿಕ್ಷಕರ ಬಾಯಲ್ಲಿ ಇದೇ ಕತೆ ಕೇಳಿದ್ದೇನೆ. ತಪ್ಪು ಹೆಚ್ಚು ಕಡಿಮೆ ಒಂದೇ. ಫೋನ್ ಹೊರಗೆ ತೆಗೆಸುವುದು ಹೇಗೆ ಅಂತ ಯೋಚಿಸಿರುತ್ತೇವೆ, ವಾಪಸ್ ಒಳಗೆ ಹಾಕಿಸುವುದು ಹೇಗೆ ಅಂತ ಯೋಚಿಸಿರುವುದಿಲ್ಲ. ಅದಕ್ಕೇ ಕೆಳಗಿನ ಹಂತಗಳಲ್ಲಿ ಫೋನ್ ಎತ್ತಿಡುವ ಅಭ್ಯಾಸ ಪಾಠಕ್ಕಿಂತ ಮುಂಚೆ ಬರುತ್ತದೆ. ಆ ಕ್ರಮ ಮಾತ್ರ ಬದಲಿಸಬೇಡಿ.

## ಮೊದಲು ಇವು ಕೈಯಲ್ಲಿರಲಿ

- ನಿಮ್ಮದೇ ಒಂದು ಫೋನ್, ಪೂರ್ತಿ ಚಾರ್ಜ್ ಆಗಿದ್ದು
- ಫೋನ್ ಇಡಲು ನಂಬರ್ ಹಾಕಿದ ಜೇಬುಗಳಿರುವ ತೂಗುಚೀಲ, ಇಲ್ಲವಾದರೆ ಅಗಲವಾದ ಡಬ್ಬಿ
- ಹಿಂದಿನ ಬೆಂಚಿಗೂ ಕಾಣುವಂಥ ಗಡಿಯಾರ ಅಥವಾ ಟೈಮರ್
- ಒಂದು ಪವರ್ ಬ್ಯಾಂಕ್, ಎರಡು ಬಗೆಯ ಕೇಬಲ್
- ಇಡೀ ಪಾಠವನ್ನು ಫೋನ್ ಇಲ್ಲದೆ ಮಾಡಲು ಬೇಕಾದ ಹಾಳೆಗಳು

ಕೊನೆಯದನ್ನು ಬಿಡುವವರೇ ಜಾಸ್ತಿ. ನೆಟ್ ಕೈಕೊಟ್ಟ ದಿನ ಅದರ ಬೆಲೆ ಗೊತ್ತಾಗುತ್ತದೆ. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಇಲ್ಲಿ ಹೇಳಿದ ಹೆಚ್ಚಿನ ಕೆಲಸ ನಡೆಯುತ್ತದೆ.

## ಹಂತ 1: ಕೆಲಸ ಆರಿಸಿ, ಆ್ಯಪ್ ಅಲ್ಲ

"ಒಳ್ಳೆ ಆ್ಯಪ್ ಯಾವುದು?" ಅಂತ ಶುರು ಮಾಡಿದರೆ ಪಾಠ ಆ್ಯಪಿನ ಹಿಂದೆ ಓಡುತ್ತದೆ. ಮೊದಲು ಕೇಳಿಕೊಳ್ಳಬೇಕಾದ್ದು: ಇದು ಪೆನ್ನು, ಹಾಳೆಯಲ್ಲಿ ಆಗುತ್ತದಾ? ಆಗುವುದಾದರೆ ಫೋನ್ ಬೇಡ.

ಹಾಳೆಯಿಂದ ಆಗದೆ ಫೋನಿನಿಂದ ಆಗುವ ಕೆಲಸ ಮುಖ್ಯವಾಗಿ ನಾಲ್ಕು. ದನಿ ಹಿಡಿದಿಡುವುದು, ಚಲನೆಯನ್ನು ಹಿಂದೆ ಮುಂದೆ ಮಾಡಿ ನೋಡುವುದು, ಫೋನಿನೊಳಗಿರುವ ಸೆನ್ಸರ್‌ನಿಂದ (ಚಲನೆ, ಬೆಳಕಿನಂಥದ್ದನ್ನು ಗುರುತಿಸುವ ಭಾಗ) ಅಳೆಯುವುದು, ಇಡೀ ತರಗತಿಯ ಉತ್ತರವನ್ನು ಒಂದೇ ನಿಮಿಷದಲ್ಲಿ ಸೇರಿಸುವುದು. "ನೆಟ್‌ನಲ್ಲಿ ಹುಡುಕಿ ಬರೆಯಿರಿ" ಎಂಬುದನ್ನು ನಾನು ಬೇಕಂತಲೇ ಬಿಟ್ಟಿದ್ದೇನೆ. ಮಕ್ಕಳು ಮೊದಲು ಸಿಕ್ಕ ನಾಲ್ಕು ಸಾಲು ನಕಲು ಮಾಡಿ ಕೊಡುತ್ತಾರೆ, ನಾವು ತಿದ್ದುತ್ತಾ ಕೂರುತ್ತೇವೆ.

ಹೊಸಬರಿಗೆ ನನ್ನ ಸಲಹೆ ದನಿಯದ್ದು. 40 ಮಕ್ಕಳು ತಲಾ ಒಂದು ನಿಮಿಷ ಗಟ್ಟಿಯಾಗಿ ಓದಿದರೆ ಪೀರಿಯಡ್ ಅಲ್ಲಿಗೇ ಮುಗಿಯಿತು. ಐದೈದು ಮಕ್ಕಳ ಎಂಟು ಗುಂಪಿಗೆ ಒಂದೊಂದು ಫೋನ್ ಕೊಟ್ಟರೆ ಅದೇ ಓದು ಐದು ನಿಮಿಷದಲ್ಲಿ ಆಗುತ್ತದೆ. ಮಗು ತನ್ನ ಓದನ್ನು ತಾನೇ ಕೇಳಿಸಿಕೊಂಡು ಇನ್ನೊಮ್ಮೆ ಓದುವುದಕ್ಕೂ ಸಮಯ ಸಿಗುತ್ತದೆ. ನೆಟ್ ಬೇಡ, ಆ್ಯಪ್ ಇಳಿಸಬೇಕಿಲ್ಲ, ಬಹುತೇಕ ಫೋನ್‌ಗಳಲ್ಲಿ ರೆಕಾರ್ಡರ್ ಮೊದಲೇ ಇರುತ್ತದೆ.

ಈ ಹಂತ ಮುಗಿದಾಗ ನಿಮ್ಮ ಹತ್ತಿರ ಒಂದೇ ಒಂದು ವಾಕ್ಯ ಇರಬೇಕು. "10 ನಿಮಿಷದಲ್ಲಿ ಪ್ರತಿ ಗುಂಪು ಇಂಥದ್ದನ್ನು ಮಾಡಿ ಇಂಥದ್ದನ್ನು ತೋರಿಸುತ್ತದೆ" ಅಂತ. ಆ ವಾಕ್ಯ ಬರೆಯಲು ಆಗುತ್ತಿಲ್ಲ ಅಂದರೆ ಪಾಠ ಇನ್ನೂ ತಯಾರಾಗಿಲ್ಲ.

## ಹಂತ 2: ಎಷ್ಟು ಫೋನ್ ಇದೆ, ಎಷ್ಟು ಸಾಕು

"ಯಾರ ಹತ್ರ ಫೋನ್ ಇಲ್ಲ, ಕೈ ಎತ್ತಿ" ಅಂತ ಯಾವತ್ತೂ ಕೇಳಬೇಡಿ. ಮಗುವಿಗೆ ಅದು ಮುಜುಗರ. ಎಲ್ಲರಿಗೂ ಚೀಟಿ ಕೊಟ್ಟು ಬರೆಸಿಕೊಳ್ಳಿ: ಮನೆಯಲ್ಲಿ ಫೋನ್ ಇದೆಯಾ, ಯಾರದ್ದು, ಶಾಲೆಗೆ ತರಬಹುದಾ. ಚೀಟಿ ನೀವೊಬ್ಬರೇ ನೋಡಿ.

ಒಂದೇ ಫೋನ್, ಅದೂ ನಿಮ್ಮದು. ಇದು ಬಡ ಆಯ್ಕೆ ಅಂದುಕೊಳ್ಳಬೇಡಿ. ನನ್ನ ಮಟ್ಟಿಗೆ ಶುರುವಿಗೆ ಇದೇ ಅತ್ಯುತ್ತಮ. ಪ್ಲಿಕರ್ಸ್ ಎಂಬ ಆ್ಯಪ್ ಇದೆ. ಮಕ್ಕಳ ಕೈಯಲ್ಲಿ ಫೋನ್ ಇರುವುದಿಲ್ಲ, ಮುದ್ರಿಸಿದ ಕಾರ್ಡ್ ಇರುತ್ತದೆ. ಪ್ರತಿ ಕಾರ್ಡಿನ ಮೇಲೆ ಬೇರೆ ಬೇರೆ ಕಪ್ಪು ಆಕೃತಿ, ನಾಲ್ಕು ಬದಿಗೆ ಎ, ಬಿ, ಸಿ, ಡಿ. ಯಾವ ಉತ್ತರ ಸರಿ ಅನ್ನಿಸುತ್ತದೋ ಆ ಬದಿ ಮೇಲೆ ಬರುವಂತೆ ಮಗು ಕಾರ್ಡ್ ಹಿಡಿಯುತ್ತದೆ. ನೀವು ಮುಂದೆ ನಿಂತು ಫೋನ್ ಕ್ಯಾಮೆರಾ ನಿಧಾನವಾಗಿ ಎಡದಿಂದ ಬಲಕ್ಕೆ ತಿರುಗಿಸಿದರೆ ಯಾರು ಏನು ಉತ್ತರಿಸಿದರು ಅಂತ ನಿಮ್ಮ ತೆರೆಯ ಮೇಲೆ ಬರುತ್ತದೆ. ಅಕ್ಷರಗಳು ತುಂಬಾ ಚಿಕ್ಕವು, ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದು ಕಷ್ಟ. 40 ಕಾರ್ಡುಗಳ ಕಟ್ಟೂ ಇದೆ, 63ರದ್ದೂ ಇದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ಮಕ್ಕಳು ಕಾರ್ಡಿನ ನಡುವೆ ಬೆರಳು ಇಟ್ಟು ಹಿಡಿಯುತ್ತಾರೆ. ಆಕೃತಿಯ ಒಂದು ಮೂಲೆ ಮುಚ್ಚಿದರೂ ಫೋನ್ ಓದುವುದಿಲ್ಲ, ಅಂಚು ಹಿಡಿಯುವುದನ್ನು ಮೊದಲೇ ಹೇಳಿಕೊಡಿ. ಇನ್ನೊಂದು, ಕಾರ್ಡ್ ಹರಿಯಬಾರದು ಅಂತ ಹೊಳೆಯುವ ಲ್ಯಾಮಿನೇಷನ್ ಮಾಡಿಸುವುದು. ಕಿಟಕಿಯ ಬೆಳಕು ಬಿದ್ದರೆ ಕ್ಯಾಮೆರಾಗೆ ಬಿಳಿ ಹೊಳಪು ಬಿಟ್ಟು ಬೇರೇನೂ ಕಾಣುವುದಿಲ್ಲ. ದಪ್ಪ ಹಾಳೆ ಸಾಕು, ಲ್ಯಾಮಿನೇಷನ್ ಬೇಕೇ ಬೇಕು ಅಂದರೆ ಹೊಳಪಿಲ್ಲದ್ದು ಹಾಕಿಸಿ.

ಗುಂಪಿಗೊಂದು ಫೋನ್. ನಾಲ್ಕೈದು ಮಕ್ಕಳಿಗೆ ಒಂದು. ಪ್ರಯೋಗ, ರೆಕಾರ್ಡಿಂಗ್, ವಿಡಿಯೊಗೆ ಇದೇ ಸರಿ. ಒಬ್ಬರು ಫೋನ್ ಹಿಡಿಯಬೇಕು, ಒಬ್ಬರು ಅಳೆಯಬೇಕು, ಒಬ್ಬರು ಎಣಿಸಬೇಕು, ಒಬ್ಬರು ಬರೆಯಬೇಕು. ಪಾತ್ರಗಳನ್ನು ಚೀಟಿಯಲ್ಲಿ ಬರೆದು ಕೊಡಿ. ಇಲ್ಲದಿದ್ದರೆ ಫೋನ್ ಯಾರದ್ದೋ ಅವರದ್ದೇ ದರ್ಬಾರು, ಉಳಿದವರು ಪ್ರೇಕ್ಷಕರು.

ಎಲ್ಲರಿಗೂ ಒಂದೊಂದು. ರಸಪ್ರಶ್ನೆಗೆ ಬಿಟ್ಟರೆ ಇದು ಅಪರೂಪಕ್ಕೆ ಬೇಕಾಗುತ್ತದೆ. ಮೂರು ನಾಲ್ಕು ಪಾಠ ಸಲೀಸಾಗಿ ನಡೆದ ಮೇಲೆ ಯೋಚಿಸಿ.

## ಹಂತ 3: ಅನುಮತಿ ಬರಹದಲ್ಲಿರಲಿ

ಶಾಲೆಯ ನಿಯಮ ಓದಿ, ಅದರಲ್ಲಿ ವಿನಾಯಿತಿ ಇದೆಯಾ ನೋಡಿ. ನಿಷೇಧ ಅಂದ ಕೂಡಲೇ ಪಾಠಕ್ಕೂ ನಿಷೇಧ ಅಂತ ಅರ್ಥವಲ್ಲ. ಫ್ರಾನ್ಸ್ 2018ರಲ್ಲಿ ಮಾಡಿದ ಕಾನೂನಿನಲ್ಲೂ ಪಾಠದ ಬಳಕೆಗೆ ಅವಕಾಶ ಇದೆ. ಆದರೆ ನಿಯಮಗಳು ಬೇಗ ಬದಲಾಗುತ್ತಿವೆ, ಹೋದ ವರ್ಷದ ಸುತ್ತೋಲೆ ನಂಬಿ ಕೂರಬೇಡಿ.

ಪೋಷಕರಿಗೆ ಉದ್ದದ ಪತ್ರ ಬೇಡ. ಯಾವ ದಿನ, ಯಾವ ಪೀರಿಯಡ್, ಎಷ್ಟು ನಿಮಿಷ, ಯಾವ ಕೆಲಸಕ್ಕೆ, ಫೋನ್ ಬಿದ್ದು ಒಡೆದರೆ ಯಾರ ಹೊಣೆ, ಇಷ್ಟಿದ್ದರೆ ಸಾಕು. ಕೊನೆಯದನ್ನು ಬರೆಯಲು ಸಂಕೋಚ ಆಗುತ್ತದೆ, ಅಲ್ವಾ? ಬರೆಯಿರಿ. ಒಡೆದ ಮೇಲೆ ಮಾತಾಡುವುದು ಅದಕ್ಕಿಂತ ಕಷ್ಟ.

ವಯಸ್ಸನ್ನೂ ನೋಡಿಕೊಳ್ಳಿ. ಹೆಚ್ಚಿನ ದೇಶಗಳಲ್ಲಿ ಮಗು ತಾನಾಗಿ ಗೂಗಲ್ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕು. ವಾಟ್ಸ್‌ಆ್ಯಪ್‌ನ ಸಾಮಾನ್ಯ ನಿಯಮದಲ್ಲೂ ಇರುವುದು 13. ಚಿಕ್ಕ ಮಕ್ಕಳಿಗೆ ಖಾತೆ ಬೇಡದ ಕೆಲಸವನ್ನೇ ಆರಿಸಿ.

## ಹಂತ 4: ಫೋನ್ ಒಳಗಿಡುವುದನ್ನು ಅಭ್ಯಾಸ ಮಾಡಿಸಿ

ಪಾಠಕ್ಕೆ ಎರಡು ದಿನ ಮುಂಚೆ, ಪಾಠವೇ ಇಲ್ಲದೆ, ಇದನ್ನಷ್ಟೇ ಮಾಡಿ. "ತೆಗೆಯಿರಿ" ಅಂದರೆ ಚೀಲದ ತನ್ನ ನಂಬರಿನ ಜೇಬಿನಿಂದ ಗುಂಪಿನ ಒಬ್ಬರು ಬಂದು ಫೋನ್ ಒಯ್ಯಬೇಕು. "ಕವುಚಿ" ಅಂದರೆ ತೆರೆ ಕೆಳಗಾಗಿ ಬೆಂಚಿನ ಮೂಲೆಯಲ್ಲಿ ಇಡಬೇಕು. "ಒಳಗೆ" ಅಂದರೆ ಅದೇ ಜೇಬಿಗೆ ವಾಪಸ್. ಮೂರೇ ಮಾತು. ಮೊದಲ ಸಲ ನಾಲ್ಕು ನಿಮಿಷ ಹಿಡಿದರೆ ಬೇಸರ ಬೇಡ, ಮೂರನೇ ಸಲಕ್ಕೆ ಒಂದು ನಿಮಿಷಕ್ಕೆ ಇಳಿಯುತ್ತದೆ. ಇಳಿಯದಿದ್ದರೆ ಪಾಠ ಮುಂದೂಡಿ.

ಬೆಂಚಿನ ಮೇಲೆ ಸುಮ್ನೆ ಇದ್ದರೆ ಏನಾಯಿತು ಅಂತ ಕೇಳುವವರಿದ್ದಾರೆ. ಫೋನ್ ಎದುರಿಗೆ ಬಿದ್ದಿದ್ದರೆ ಸಾಕು, ಮುಟ್ಟದಿದ್ದರೂ ಗಮನ ಕುಗ್ಗುತ್ತದೆ ಅಂತ 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ ಹೇಳಿತ್ತು. ಬೇರೆಯವರು ಮತ್ತೆ ಮಾಡಿ ನೋಡಿದಾಗ ಎಲ್ಲ ಕಡೆ ಅದೇ ಫಲ ಬಂದಿಲ್ಲ. ಅದೇನೇ ಇರಲಿ, ಚೀಲದಲ್ಲಿರುವ ಫೋನ್ ಯಾರ ಕೈಯನ್ನೂ ಕರೆಯುವುದಿಲ್ಲ. ಎಣಿಸುವುದಕ್ಕೂ ಸುಲಭ: ಖಾಲಿ ಜೇಬು ಕಂಡರೆ ಫೋನ್ ಹೊರಗಿದೆ ಅಂತ ಅರ್ಥ.

## ಹಂತ 5: ಹಿಂದಿನ ದಿನ ನೀವೇ ವಿದ್ಯಾರ್ಥಿಯಾಗಿ

ನಿಮ್ಮ ಹೊಸ ಫೋನಿನಲ್ಲಿ, ನಿಮ್ಮ ಖಾತೆಯಲ್ಲಿ ನಡೆದದ್ದು ಮಕ್ಕಳ ಫೋನಿನಲ್ಲಿ ನಡೆಯುತ್ತದೆ ಅಂತ ನಂಬಬೇಡಿ. ಸಿಗುವುದರಲ್ಲೇ ಹಳೆಯ ಫೋನ್ ಒಂದನ್ನು ಎರವಲು ತಂದು, ಅದೇ ಕೋಣೆಯಲ್ಲಿ ಕೂತು ಮಾಡಿ ನೋಡಿ.

*ಲಿಂಕ್.* ಫಾರ್ಮ್ ಅಥವಾ ಫೈಲ್ ಹಂಚುವಾಗ ಅನುಮತಿ ಸರಿ ಇಲ್ಲದಿದ್ದರೆ ಮಕ್ಕಳಿಗೆ "ಅನುಮತಿ ಕೇಳಿ" ಎಂಬ ಪುಟ ಬರುತ್ತದೆ, ನಿಮ್ಮ ಮೇಲ್ ಪೆಟ್ಟಿಗೆ ತುಂಬುತ್ತದೆ. ಗೂಗಲ್ ಫಾರ್ಮ್‌ನಲ್ಲಿ "ಒಬ್ಬರಿಗೆ ಒಂದೇ ಉತ್ತರ" ಎಂಬುದನ್ನು ಆನ್ ಮಾಡಿದರೆ ಲಾಗಿನ್ ಕಡ್ಡಾಯವಾಗುತ್ತದೆ. ಅಪ್ಪನ ಫೋನ್ ತಂದ ಮಗು ಅಲ್ಲೇ ನಿಲ್ಲುತ್ತದೆ. ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಿಂಕ್ ತೆರೆದು ನೋಡಿ. ಅಲ್ಲಿ ಯಾವ ಖಾತೆಯೂ ತೆರೆದಿರುವುದಿಲ್ಲ, ಹಾಗಾಗಿ ಮಕ್ಕಳಿಗೆ ಕಾಣುವುದೇ ನಿಮಗೂ ಕಾಣುತ್ತದೆ.

*ಕ್ಯೂಆರ್ ಕೋಡ್.* ಎಷ್ಟು ದೂರದಿಂದ ಹಿಡಿಯಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಬೇಕು ಎಂಬುದು ರೂಢಿಯ ಲೆಕ್ಕ. 2 ಮೀಟರ್ ದೂರಕ್ಕೆ 20 ಸೆಂಟಿಮೀಟರ್. 6 ಮೀಟರ್ ಹಿಂದಿರುವ ಬೆಂಚಿಗೆ 60 ಸೆಂಟಿಮೀಟರ್, ಅಂದರೆ ಗೋಡೆಗೆ ಅಂಟಿಸಿದ ಸಾಮಾನ್ಯ ಹಾಳೆ ಅವರಿಗೆ ಸಾಲುವುದಿಲ್ಲ. ಗೋಡೆ ಬಿಡಿ, ಬೆಂಚಿಗೊಂದು ಚಿಕ್ಕ ಪ್ರಿಂಟ್ ಕೊಡಿ. ಕೋಡಿನ ಸುತ್ತ ಬಿಳಿ ಅಂಚು ಉಳಿಸಿ. ಜಾಗ ಉಳಿಯಲಿ ಅಂತ ಅದನ್ನೇ ಕತ್ತರಿಸಿದರೆ ಕೆಲವು ಫೋನ್ ಓದುವುದೇ ಇಲ್ಲ. ಲಿಂಕ್ ಉದ್ದ ಇದ್ದಷ್ಟೂ ಚೌಕಗಳು ಒತ್ತಾಗುತ್ತವೆ, ಹಳೆಯ ಕ್ಯಾಮೆರಾ ಸೋಲುತ್ತದೆ. ಲಿಂಕ್ ಚಿಕ್ಕದು ಮಾಡಿಕೊಳ್ಳಿ.

*ನೆಟ್.* 50 ಎಂಬಿ ಆ್ಯಪನ್ನು 40 ಜನ ಒಟ್ಟಿಗೆ ಇಳಿಸಿದರೆ 2 ಜಿಬಿ ಆಯಿತು. ನಿಮ್ಮ ಹಾಟ್‌ಸ್ಪಾಟ್‌ಗೆ ಒಂದೇ ಹೊತ್ತಿಗೆ ಸೇರುವುದು ಸಾಮಾನ್ಯವಾಗಿ ಐದರಿಂದ ಹತ್ತು ಫೋನ್ ಮಾತ್ರ. ಇಳಿಸುವುದೇನಿದ್ದರೂ ಮನೆಯಲ್ಲೇ ಮುಗಿಸಿ ಬರಲಿ. ತರಗತಿಯಲ್ಲಿ ಇಳಿಸುವುದನ್ನು ಪೂರ್ತಿ ನಿಷೇಧಿಸಿ, ನನ್ನ ಆ 26 ನಿಮಿಷ ನೆನಪಿರಲಿ.

## ಹಂತ 6: ಪಾಠ, ನಿಮಿಷ ನಿಮಿಷವಾಗಿ

ಲೋಲಕದ ಪಾಠ ಇಟ್ಟುಕೊಳ್ಳೋಣ, ಅಂದರೆ ದಾರದ ತುದಿಗೆ ಕಲ್ಲು ಕಟ್ಟಿ ತೂಗಾಡಿಸುವುದು. ಪ್ರಶ್ನೆ: ದಾರದ ಉದ್ದ ನಾಲ್ಕು ಪಟ್ಟು ಮಾಡಿದರೆ ತೂಗಾಟದ ಸಮಯ ಎಷ್ಟು ಪಟ್ಟು ಆಗುತ್ತದೆ?

0ರಿಂದ 8 ನಿಮಿಷ, ಫೋನ್ ಚೀಲದಲ್ಲಿ. ಪ್ರಶ್ನೆ ಬೋರ್ಡಿನ ಮೇಲೆ ಬರೆಯಿರಿ. ಪ್ರತಿ ಮಗು ತನ್ನ ಊಹೆಯನ್ನು ನೋಟ್‌ಬುಕ್‌ನಲ್ಲಿ ಬರೆಯಲಿ. ಹೆಚ್ಚಿನವರು "ನಾಲ್ಕು ಪಟ್ಟು" ಅಂತಲೇ ಬರೆಯುತ್ತಾರೆ. ಫೋನಿನ ಕೆಲಸದ ಸೂಚನೆಗಳೂ ಈಗಲೇ. ಫೋನ್ ಕೈಗೆ ಬಂದ ಮೇಲೆ ನಿಮ್ಮ ಮಾತು ಯಾರ ಕಿವಿಗೂ ಬೀಳುವುದಿಲ್ಲ.

8ರಿಂದ 10, "ತೆಗೆಯಿರಿ". ಫೋನ್ ಲಾಕ್ ತೆಗೆಯಬೇಕಾಗಿಯೇ ಇಲ್ಲ. ಹೆಚ್ಚಿನ ಫೋನ್‌ಗಳಲ್ಲಿ ಲಾಕ್ ಇರುವಾಗಲೇ ಕ್ಯಾಮೆರಾ ತೆರೆಯಬಹುದು. ಆಗ ಈಗ ತೆಗೆದ ವಿಡಿಯೊ ಮಾತ್ರ ಕಾಣುತ್ತದೆ, ಹಳೆಯ ಫೋಟೊ, ಮೆಸೇಜು ಯಾವುದೂ ತೆರೆಯುವುದಿಲ್ಲ. ಅಪ್ಪನ ಫೋನ್ ತಂದ ಮಗುವಿಗೂ ನೆಮ್ಮದಿ, ನಿಮಗೂ ನೆಮ್ಮದಿ. ಬೇರೆ ಆ್ಯಪ್ ಬೇಕಾದ ಪಾಠದಲ್ಲಿ ಆಂಡ್ರಾಯ್ಡ್‌ನ ಆ್ಯಪ್ ಪಿನ್ ಅಥವಾ ಐಫೋನ್‌ನ ಗೈಡೆಡ್ ಆ್ಯಕ್ಸೆಸ್ ಹಾಕಿದರೆ ಫೋನ್ ಆ ಒಂದು ಆ್ಯಪಿನಲ್ಲೇ ನಿಲ್ಲುತ್ತದೆ. ಎರಡನ್ನೂ ಸೆಟ್ಟಿಂಗ್ಸ್‌ನಲ್ಲಿ ಮೊದಲೇ ಆನ್ ಮಾಡಿಟ್ಟಿರಬೇಕು. "ಡೋಂಟ್ ಡಿಸ್ಟರ್ಬ್" ಎಲ್ಲರಿಗೂ ಕಡ್ಡಾಯ.

10ರಿಂದ 22, ಕೆಲಸ. ಮೊದಲು 25 ಸೆಂಟಿಮೀಟರ್ ದಾರ, ಆಮೇಲೆ 1 ಮೀಟರ್. ಪ್ರತಿ ಸಲ ಹತ್ತು ತೂಗಾಟವನ್ನು ವಿಡಿಯೊ ಮಾಡಬೇಕು. ಕಲ್ಲು ಆಚೆ ಹೋಗಿ ಮತ್ತೆ ವಾಪಸ್ ಬಂದರೆ ಒಂದು ತೂಗಾಟ. ಉದ್ದವನ್ನು ಕಲ್ಲಿನ ನಡುಮಧ್ಯದ ತನಕ ಅಳೆಯಬೇಕು, ಗಂಟಿನ ತನಕ ಅಲ್ಲ. ಜಾಸ್ತಿ ಎಳೆದು ಬಿಡಬಾರದು, ಸ್ವಲ್ಪ ಓರೆ ಮಾಡಿದರೆ ಸಾಕು. ಸರಿಯಾಗಿ ಮಾಡಿದರೆ ಗಿಡ್ಡ ದಾರಕ್ಕೆ ಸುಮಾರು 10 ಸೆಕೆಂಡ್, ಉದ್ದದ್ದಕ್ಕೆ 20 ಬರುತ್ತದೆ. ನಾಲ್ಕು ಪಟ್ಟು ಉದ್ದಕ್ಕೆ ಎರಡೇ ಪಟ್ಟು ಸಮಯ.

ಒಂದು ಸಲ ಒಂದು ಗುಂಪಿಗೆ ಮಾತ್ರ 9 ಸೆಕೆಂಡ್ ಬಂತು. ಮತ್ತೆ ಮಾಡಿದರು, ಮತ್ತೆ 9. ದಾರ ಅಳೆದರು, ಸರಿ ಇದೆ. "ನಮ್ಮ ಕಲ್ಲು ಭಾರ ಸರ್" ಅಂದರು. ವಿಡಿಯೊ ಹಿಂದಕ್ಕೆ ಎಳೆದು ನೋಡಿ ಅಂದೆ. ನಾಲ್ಕು ತಲೆ ಒಂದು ತೆರೆಯ ಮೇಲೆ ಬಾಗಿದವು. ಎಣಿಸುವ ಹುಡುಗ ಕಲ್ಲು ಕೈಬಿಟ್ಟ ಕ್ಷಣಕ್ಕೇ "ಒಂದು" ಅಂದಿದ್ದ. ಅಲ್ಲಿ "ಸೊನ್ನೆ" ಅನ್ನಬೇಕಿತ್ತು. ಅವರು ಎಣಿಸಿದ್ದು ಹತ್ತು, ಕಲ್ಲು ತೂಗಿದ್ದು ಒಂಬತ್ತು. ನಾನು ಬಾಯಿ ಬಿಡಲಿಲ್ಲ, ಆ ಹುಡುಗನೇ ಕಂಡುಹಿಡಿದು ತಲೆ ಚಚ್ಚಿಕೊಂಡ. ಬರೀ ಸ್ಟಾಪ್‌ವಾಚ್ ಹಿಡಿದಿದ್ದರೆ ಕಲ್ಲಿನ ಭಾರದ ಮೇಲೇ ತಪ್ಪು ಹೊರಿಸಿ ಎದ್ದು ಹೋಗುತ್ತಿದ್ದರು.

ಒಂದು ಎಚ್ಚರಿಕೆ: ಫೋನನ್ನೇ ದಾರಕ್ಕೆ ಕಟ್ಟಿ ತೂಗುವ ಆಸೆ ಯಾರಿಗಾದರೂ ಬಂದೇ ಬರುತ್ತದೆ. ಬೇಡ. ಸೆನ್ಸರ್ ಪ್ರಯೋಗ ಮಾಡಲೇಬೇಕು ಅಂದರೆ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ, ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಮಾಡಿದ್ದು. ಅಳೆಯುವುದಕ್ಕೆ ನೆಟ್ ಬೇಡ. ಅದನ್ನೂ ಮೊದಲು ನಿಮ್ಮ ಫೋನಿನಲ್ಲಿ ಆಡಿಸಿ ನೋಡಿ, ಎಲ್ಲ ಫೋನಿನಲ್ಲೂ ಎಲ್ಲ ಸೆನ್ಸರ್ ಇರುವುದಿಲ್ಲ.

22ರಿಂದ 24, "ಒಳಗೆ". ಟೈಮರ್ ಹೊಡೆದ ಕೂಡಲೇ. ಕೆಲಸ ಮುಗಿಯದ ಗುಂಪೂ ಒಳಗಿಡಬೇಕು. "ಇನ್ನೊಂದೇ ನಿಮಿಷ" ಅಂತ ಒಮ್ಮೆ ಬಿಟ್ಟರೆ ಮುಂದಿನ ಪಾಠದಲ್ಲಿ ಎಲ್ಲರೂ ಅದನ್ನೇ ಕೇಳುತ್ತಾರೆ.

24ರಿಂದ 40, ಫೋನ್ ಇಲ್ಲದ ಪಾಠ. ಸಂಖ್ಯೆಗಳನ್ನು ಬೋರ್ಡಿಗೆ ತನ್ನಿ. ಊಹೆಗೂ ಸಿಕ್ಕ ಉತ್ತರಕ್ಕೂ ಯಾಕೆ ವ್ಯತ್ಯಾಸ ಬಂತು ಅಂತ ಮಾತಾಡಿಸಿ. ಕಲಿಕೆ ಆಗುವುದು ಈ 16 ನಿಮಿಷದಲ್ಲಿ. ಪೀರಿಯಡ್ ಪೂರ್ತಿ ಫೋನಿಗೇ ಕೊಟ್ಟವರು ಕಳೆದುಕೊಳ್ಳುವುದೂ ಇದನ್ನೇ.

## ಹಂತ 7: ಮಕ್ಕಳು ಮಾಡಿದ್ದನ್ನು ಸೇರಿಸಿಕೊಳ್ಳುವುದು

ವಿಡಿಯೊ ಕಳಿಸಿ ಅಂತ ಹೇಳಬೇಡಿ. ಒಂದು ನಿಮಿಷದ ವಿಡಿಯೊ ಸುಲಭವಾಗಿ ನೂರು ಎಂಬಿ ಮುಟ್ಟಬಹುದು, ದನಿಯಾದರೆ ಸಾಧಾರಣವಾಗಿ ಒಂದು ಎಂಬಿಯೊಳಗೆ ಮುಗಿಯುತ್ತದೆ. ಲೋಲಕದ ಪಾಠದಲ್ಲಿ ನಮಗೆ ಬೇಕಾದ್ದು ಎರಡು ಸಂಖ್ಯೆ, ಅದಕ್ಕೆ ಹಾಳೆ ಸಾಕು. ದನಿ ಬೇಕಾದರೆ ಬ್ಲೂಟೂತ್ ಅಥವಾ ಆಂಡ್ರಾಯ್ಡ್ ಫೋನ್‌ಗಳಲ್ಲಿರುವ ಕ್ವಿಕ್ ಶೇರ್‌ನಲ್ಲಿ ನಿಮ್ಮ ಫೋನಿಗೆ ಹಾಕಿಸಿಕೊಳ್ಳಿ, ಡೇಟಾ ಖರ್ಚಾಗುವುದಿಲ್ಲ. ಫೈಲಿಗೆ ಗುಂಪಿನ ನಂಬರ್ ಹೆಸರಾಗಿ ಇರಲಿ. "ರೆಕಾರ್ಡಿಂಗ್ 3" ಎಂಬ ಹೆಸರಿನ ಎಂಟು ಫೈಲ್ ಬಂದು ಕೂತರೆ ನಿಮ್ಮ ಸಂಜೆ ಹೋಯಿತು.

ಮಕ್ಕಳ ವಾಟ್ಸ್‌ಆ್ಯಪ್ ಗುಂಪು ಮಾಡುವ ಅಭ್ಯಾಸ ನನಗೆ ಇಷ್ಟವಿಲ್ಲ. ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ರಾತ್ರಿ ಹತ್ತಕ್ಕೂ ಯಾರೋ ಏನೋ ಹಾಕುತ್ತಾರೆ, ಅದರ ಜವಾಬ್ದಾರಿ ನಿಮ್ಮ ತಲೆಗೆ. ವಿಡಿಯೊದಲ್ಲಿ ಮುಖ ಬೇಡ, ಕೈ ಮತ್ತು ಕಲ್ಲು ಕಂಡರೆ ಸಾಕು. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿಸಿ, ಇಲ್ಲದಿದ್ದರೆ ತೆಗೆದ ಜಾಗದ ವಿವರ ಫೈಲಿನೊಳಗೇ ಸೇರಿಕೊಳ್ಳುತ್ತದೆ. ಅಂಕ ಹಾಕಿದ ಮೇಲೆ ನಿಮ್ಮ ಫೋನಿನಿಂದಲೂ ಅಳಿಸಿ.

## ಪಾಠ ಕೈ ಜಾರುತ್ತಿದೆ ಎಂಬ ಗುರುತುಗಳು

ಹೆಬ್ಬೆರಳು ನೋಡಿ. ಕೆಲಸ ಮಾಡುವ ಬೆರಳು ತಡೆದು ತಡೆದು ಮುಟ್ಟುತ್ತದೆ. ಒಂದೇ ತಾಳದಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗುತ್ತಿದ್ದರೆ ಅಲ್ಲಿ ಬೇರೇನೋ ನಡೆಯುತ್ತಿದೆ. ಬೈಯಬೇಡಿ, ಹೋಗಿ ಆ ಬೆಂಚಿನ ಪಕ್ಕ ನಿಲ್ಲಿ. ಫೋನ್ ಪಾಠದ ದಿನ ನಿಮ್ಮ ಜಾಗ ಬೋರ್ಡಿನ ಮುಂದೆ ಅಲ್ಲ, ತರಗತಿಯ ಹಿಂದೆ. ಅಲ್ಲಿಂದ ತೆರೆಗಳು ಕಾಣುತ್ತವೆ.

ಗಲಾಟೆಗಿಂತ ಮೌನಕ್ಕೆ ಹೆದರಿ. ಗುಂಪಿನ ಕೆಲಸದಲ್ಲಿ ಗುಜುಗುಜು ಇರಬೇಕು. ತಲೆಗಳೆಲ್ಲ ಬಗ್ಗಿ ಸದ್ದೇ ಇಲ್ಲ ಅಂದರೆ ಎಲ್ಲರೂ ಒಂದೊಂದು ದಾರಿ ಹಿಡಿದಿದ್ದಾರೆ.

ಒಂದೇ ಮಗು ಪಾಠದಿಂದ ಪಾಠಕ್ಕೆ "ಬರೆಯುವವರು" ಆಗಿಯೇ ಉಳಿದರೆ ಪಾತ್ರದ ಚೀಟಿಗಳನ್ನು ನೀವೇ ಬದಲಿಸಿ. ಫೋನ್ ಮುಟ್ಟಲು ಹೆದರುವ ಮಕ್ಕಳಿದ್ದಾರೆ, ಹೆಚ್ಚಾಗಿ ಮನೆಯಲ್ಲಿ ಫೋನ್ ಇಲ್ಲದವರು. ಬೀಳಿಸಿದರೆ ಏನು ಗತಿ ಅಂತ ಅವರಿಗೆ ಭಯ. ಅವರ ಕೈಗೆ ಮೊದಲು ನಿಮ್ಮ ಫೋನ್ ಕೊಡಿ.

ಫೋನ್ ಕೈಗೆ ಬಂದು ಐದು ನಿಮಿಷವಾದರೂ ಮೂರರಲ್ಲಿ ಒಂದು ಗುಂಪಿಗೆ ಏನೂ ತೆರೆದಿಲ್ಲ ಅಂದರೆ ಸರಿಪಡಿಸುತ್ತಾ ಬೆಂಚಿಂದ ಬೆಂಚಿಗೆ ಓಡಬೇಡಿ. "ಒಳಗೆ" ಅನ್ನಿ, ಹಾಳೆಗಳನ್ನು ಹಂಚಿ, ಪಾಠ ಮುಂದುವರಿಸಿ. ಹಾಳೆ ಬೇಕಾಗದೆ ಉಳಿದರೆ ಮುಂದಿನ ವಾರಕ್ಕೆ ಎತ್ತಿಡಿ.